ಹಳೆ ಕಾರಿನ ವೈರ್ ಕತ್ತರಿಸುವ ಮೊದಲು ಅರ್ತ್ ನೋಡಿ

ಸಂಪಾದಕರಿಗೆ,

ನಮಸ್ಕಾರ. ನಿಮ್ಮ ವಾಹನ ಪುಟದಲ್ಲಿ ಹಳೆ ಸ್ಪೋರ್ಟ್ಸ್ ಕಾರುಗಳಿಗೆ ಹೊಸ ಮ್ಯೂಸಿಕ್ ಸಿಸ್ಟಂ ಹಾಕಿಸುವ ಬಗ್ಗೆ ಬಂದ ಬರಹ ಓದಿದೆ. ಯಾವ ಸ್ಕ್ರೀನ್ ಚೆನ್ನಾಗಿದೆ, ಯಾವ ಸ್ಪೀಕರ್ ಎಷ್ಟು ವ್ಯಾಟ್, ಎಲ್ಲ ಇತ್ತು. ಆದರೆ ಸೆಟ್ಟಿನ ಹಿಂದೆ ಬರುವ ಕಪ್ಪು ವೈರನ್ನು, ಅಂದರೆ ಕರೆಂಟು ವಾಪಸ್ ಹೋಗುವ ಅರ್ತ್ ವೈರನ್ನು, ಎಲ್ಲಿಗೆ ಕೊಡಬೇಕು ಎಂಬ ಬಗ್ಗೆ ಒಂದು ಮಾತೂ ಇರಲಿಲ್ಲ. 'ಹಳೆ ವೈರಿಂಗ್ ಕಿತ್ತು ಹೊಸದು ಎಳೆಸಿ' ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದರು. ಆ ಒಂದು ಸಾಲಿಗಾಗಿ ಈ ಪತ್ರ ಬರೆಯುತ್ತಿದ್ದೇನೆ. ಉದ್ದ ಆಯಿತು ಅಂತ ಕತ್ತರಿಸುವುದಾದರೆ ನನ್ನ ಕಥೆಯನ್ನು ಕತ್ತರಿಸಿ, ಅಳತೆಗಳನ್ನು ಉಳಿಸಿ.

ನಾನು ಉಪ್ಪಳದವನು. ಗಲ್ಫ್‌ನಲ್ಲಿ 16 ವರ್ಷ ಬಿಲ್ಡಿಂಗ್ ಎಲೆಕ್ಟ್ರಿಷಿಯನ್ ಆಗಿದ್ದೆ. ಕರೆಂಟು ಅಳೆಯುವ ಮೀಟರ್ ಹಿಡಿಯುವುದು ಗೊತ್ತು, ಆದರೆ ಕಾರಿನ 12 ವೋಲ್ಟ್ ನನಗೆ ಹೊಸ ವಿಷಯ. ಊರಿಗೆ ಬಂದ ಮೇಲೆ ಬಹಳ ದಿನದ ಆಸೆಯಿಂದ ಒಂದು ಸ್ಯಾನ್ ಸ್ಟಾರ್ಮ್ ತೆಗೆದುಕೊಂಡೆ. ನೋಡಿದವರು ಕಡಿಮೆ ಇರಬಹುದು, ಅದಕ್ಕೆ ಹೇಳುತ್ತೇನೆ. 1990ರ ದಶಕದ ಕೊನೆಯಲ್ಲಿ ಗೋವಾದಲ್ಲಿ ತಯಾರಾದ ಎರಡು ಸೀಟಿನ ಪುಟ್ಟ ಕಾರು ಇದು. ರೆನೋ ಕಂಪನಿಯ 1149 ಸಿಸಿ ಪೆಟ್ರೋಲ್ ಎಂಜಿನ್, ಮೇಲೆ ಫೈಬರ್ ಗ್ಲಾಸ್ ಬಾಡಿ. ನಮ್ಮದೇ ಕರಾವಳಿಯಲ್ಲಿ ಹುಟ್ಟಿದ ಕಾರು ಅಲ್ವಾ ಅಂತ ನನಗೆ ಇನ್ನೂ ಜಾಸ್ತಿ ಪ್ರೀತಿ. ಗೋವಾದಿಂದ ಕಾರವಾರ, ಕುಂದಾಪುರ, ಉಡುಪಿ, ತಲಪಾಡಿ ದಾಟಿ ಒಂದೇ ಹೆದ್ದಾರಿಯಲ್ಲಿ ನಾನೇ ಓಡಿಸಿಕೊಂಡು ಬಂದೆ. ದಾರಿಯಲ್ಲಿ ಒಂದು ತೊಂದರೆಯೂ ಕೊಡಲಿಲ್ಲ. ತೊಂದರೆ ಶುರುವಾದದ್ದು ನಾನು ಅದಕ್ಕೆ ಹೊಸ ಸೆಟ್ ಹಾಕಿಸಿದ ಮೇಲೆ.

ಹತ್ತಿರದ ಪಟ್ಟಣದ ಒಂದು ಅಂಗಡಿಗೆ ಕೊಟ್ಟೆ. ಬೆಳಿಗ್ಗೆ ಕೊಟ್ಟು ಸಂಜೆ ತೆಗೆದುಕೊಂಡೆ. ಟಚ್ ಸ್ಕ್ರೀನ್, ಸೀಟಿನ ಕೆಳಗೆ ಆಂಪ್ಲಿಫೈಯರ್, ಬಾಗಿಲಿನಲ್ಲಿ ಹೊಸ ಸ್ಪೀಕರ್. ನೋಡಲಿಕ್ಕೆ ಚೆಂದ ಇತ್ತು. ಮನೆಗೆ ಬರುವ ದಾರಿಯಲ್ಲೇ ಸ್ಪೀಕರಿನಿಂದ ಕುಂಯ್ ಎಂಬ ಒಂದು ಸ್ವರ. ಎಕ್ಸಲರೇಟರ್ ಒತ್ತಿದರೆ ಆ ಸ್ವರ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಇಂಡಿಕೇಟರ್ ಹಾಕಿದರೆ ಸ್ಪೀಕರಿನಲ್ಲಿ ಟಿಕ್ ಟಿಕ್. ಹೆಡ್‌ಲೈಟ್ ಹಾಕಿದರೆ ಸ್ಕ್ರೀನ್ ಮಂಕಾಗುತ್ತದೆ. ರೇಡಿಯೋ ಹಾಕಿದರೆ ಮಂಗಳೂರು ಆಕಾಶವಾಣಿಯ 100.3 ಉಪ್ಪಳದಲ್ಲೇ ಕೊರಕೊರ. ಮೂರನೇ ದಿನ ಬೆಳಿಗ್ಗೆ ಕೀ ತಿರುಗಿಸಿದರೆ ಸೆಲ್ಫ್ ತಿರುಗಲಿಲ್ಲ. ಬ್ಯಾಟರಿ ಪೂರ್ತಿ ಖಾಲಿ.

ಅಂಗಡಿಯವರು ಮೊದಲು ಸೆಟ್ ಬದಲಿಸಿದರು. ಅದೇ ಸ್ವರ. ಆಮೇಲೆ ಬ್ಯಾಟರಿ ಹೋಗಿದೆ ಎಂದರು, ಹೊಸ ಬ್ಯಾಟರಿ ಹಾಕಿಸಿದೆ. ಮತ್ತೆ ಮೂರನೇ ದಿನಕ್ಕೆ ಖಾಲಿ. ಕೊನೆಗೆ ಬ್ಯಾಟರಿ ಚಾರ್ಜ್ ಮಾಡುವ ಡೈನಮೋ (ಆಲ್ಟರ್ನೇಟರ್) ಬದಲಿಸಬೇಕು, ಹಳೆ ಕಾರಿನ ವೈರಿಂಗೇ ಸರಿ ಇಲ್ಲ, ಪೂರ್ತಿ ಕಿತ್ತು ಹೊಸದು ಎಳೆಯುವ ಎಂದರು. ಇಷ್ಟೆಲ್ಲ ಆಗುವವರೆಗೆ ಯಾರೂ ಒಂದು ಸಲವೂ ಮೀಟರ್ ಇಟ್ಟು ನೋಡಿರಲಿಲ್ಲ. ನನಗೆ ಬೇಜಾರಾದದ್ದು ಹಣ ಹೋದದ್ದಕ್ಕಲ್ಲ. 25 ವರ್ಷ ಸರಿಯಾಗಿ ಕೆಲಸ ಮಾಡಿದ ವೈರಿಂಗಿನ ಮೇಲೆ, ನಿನ್ನೆ ಮಾಡಿದ ಕೆಲಸದ ತಪ್ಪನ್ನು ಹೊರಿಸಿದ್ದಕ್ಕೆ.

ಕಾರನ್ನು ಮನೆಗೆ ತಂದು ಡ್ಯಾಶ್‌ಬೋರ್ಡ್ ಬಿಚ್ಚಿದೆ. ಕಂಪನಿಯ ಕಪ್ಲರನ್ನು, ಅಂದರೆ ವೈರುಗಳನ್ನು ಸೇರಿಸುವ ಪ್ಲಗ್ಗನ್ನು, ಕತ್ತರಿಸಿ ಬಿಸಾಡಿದ್ದರು. 11 ಕಡೆ ವೈರನ್ನು ಹೆಣೆದು ಮೇಲೆ ಕಪ್ಪು ಟೇಪ್ ಸುತ್ತಿದ್ದರು. ಸೆಟ್ಟಿನ ಕಪ್ಪು ವೈರನ್ನು ಡ್ಯಾಶ್‌ಬೋರ್ಡಿನ ಹಿಂದಿನ ಒಂದು ಕಬ್ಬಿಣದ ಪಟ್ಟಿಗೆ ಸ್ಕ್ರೂ ಮಾಡಿದ್ದರು. ಆ ಪಟ್ಟಿಯನ್ನು ಫೈಬರಿಗೆ ಅಂಟಿಸಿದ್ದು ಅಷ್ಟೇ, ಕಾರಿನ ಕೆಳಗಿನ ಕಬ್ಬಿಣದ ಚೌಕಟ್ಟಾದ ಚಾಸಿಗೂ ಅದಕ್ಕೂ ಸಂಬಂಧವೇ ಇಲ್ಲ.

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ತಗಡಿನ ಕಾರಿನಲ್ಲಿ ಬ್ಯಾಟರಿಯ ಮೈನಸ್ಸನ್ನು ಕಾರಿನ ಬಾಡಿಯ ತಗಡಿಗೆ ಜೋಡಿಸಿರುತ್ತಾರೆ. ಪ್ಲಸ್ ವೈರಿನಲ್ಲಿ ಹೋದ ಕರೆಂಟು ಬಲ್ಬಿನಲ್ಲೋ ಸೆಟ್ಟಿನಲ್ಲೋ ಕೆಲಸ ಮುಗಿಸಿ ಬಾಡಿಯ ಮೂಲಕ ಬ್ಯಾಟರಿಗೆ ವಾಪಸ್ ಬರುತ್ತದೆ. ಅದಕ್ಕೇ ಮೆಕ್ಯಾನಿಕ್‌ಗಳು ಎಲ್ಲಿ ಕಬ್ಬಿಣ ಕಂಡರೂ ಅಲ್ಲೇ ಅರ್ತ್ ಕೊಡುತ್ತಾರೆ. ಫೈಬರ್ ಬಾಡಿಯಲ್ಲಿ ಆ ದಾರಿ ಇಲ್ಲ. ಪ್ರತಿಯೊಂದಕ್ಕೂ ವಾಪಸ್ ಬರುವ ವೈರನ್ನು ಎಳೆದು ಚಾಸಿಗೋ ಬ್ಯಾಟರಿಗೋ ಮುಟ್ಟಿಸಬೇಕು. ಹಾಗಾದರೆ ನನ್ನ ಸೆಟ್ ಆನ್ ಆಗುತ್ತಿದ್ದದ್ದು ಹೇಗೆ? ಕರೆಂಟಿಗೆ ದಾರಿ ಕೊಡದಿದ್ದರೆ ಅದು ತಾನೇ ಹುಡುಕಿಕೊಳ್ಳುತ್ತದೆ. ಸೆಟ್ಟಿನಿಂದ ಆಂಪ್ಲಿಫೈಯರಿಗೆ ಹಾಡು ಒಯ್ಯುವ ಆರ್‌ಸಿಎ ಕೇಬಲ್ ಇರುತ್ತದಲ್ಲ, ಅದರ ಹೊರಗಿನ ಜಾಲರಿ ಆಂಪ್ಲಿಫೈಯರಿನ ಅರ್ತಿಗೆ ಸೇರಿರುತ್ತದೆ. ಆಂಪ್ಲಿಫೈಯರಿಗೆ ಮಾತ್ರ ಅವರು ಸೀಟಿನ ಬೋಲ್ಟಿನಲ್ಲಿ ಚಾಸಿ ಅರ್ತ್ ಕೊಟ್ಟಿದ್ದರು. ಇಡೀ ಸೆಟ್ಟಿನ ಕರೆಂಟು ಆ ಕೂದಲಿನಂಥ ಜಾಲರಿಯಲ್ಲೇ ವಾಪಸ್ ಹೋಗುತ್ತಿತ್ತು. ಹಾಡು ಹೋಗುವ ದಾರಿಯಲ್ಲೇ ಕರೆಂಟನ್ನೂ ಓಡಿಸಿದರೆ ಡೈನಮೋದ ಸ್ವರ ಕೇಳದೆ ಇರುತ್ತದಾ? ಕೆಲವು ಸೆಟ್ಟುಗಳಲ್ಲಿ ಆ ಜಾಲರಿಯ ದಾರಿಯಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಫ್ಯೂಸ್ ಇರುತ್ತದೆ. ಅದು ಸುಟ್ಟರೆ ಅರ್ತ್ ಸರಿ ಮಾಡಿದ ಮೇಲೂ ಕುಂಯ್ ಸ್ವರ ಹೋಗುವುದಿಲ್ಲ. ನನ್ನದು ಪುಣ್ಯಕ್ಕೆ ಸುಟ್ಟಿರಲಿಲ್ಲ.

ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟೆ. ಎಂಜಿನ್ ಓಡುತ್ತಿದೆ, ಹೆಡ್‌ಲೈಟ್ ಮತ್ತು ಸೆಟ್ ಎರಡೂ ಆನ್. ಮೀಟರ್ ವೈರಿನ ತುದಿಯ ಕೆಂಪು ಮುಳ್ಳನ್ನು ಸೆಟ್ಟಿನ ಕಪ್ಪು ವೈರಿಗೆ, ಕಪ್ಪು ಮುಳ್ಳನ್ನು ನೇರ ಬ್ಯಾಟರಿಯ ಮೈನಸ್ಸಿಗೆ. ಸರಿಯಾದ ಅರ್ತ್ ಇದ್ದರೆ ಇಲ್ಲಿ 0.1 ವೋಲ್ಟ್, ಹೆಚ್ಚೆಂದರೆ 0.2. ನನಗೆ ಬಂದದ್ದು 1.8. ಅಲ್ಲಿಗೆ ಕಥೆ ಗೊತ್ತಾಯಿತು. ಎರಡು ನಿಮಿಷದ ಕೆಲಸ ಇದು.

ತುಂಬ ಜನ ಅರ್ತ್ ನೋಡುವುದು ಮೀಟರಿನ ಬೀಪ್ ಸದ್ದಿನಿಂದ. ಅದು ಮೋಸ. 20 ಎಳೆಗಳ ವೈರಿನಲ್ಲಿ 19 ಎಳೆ ತುಂಡಾಗಿ ಒಂದೇ ಉಳಿದಿದ್ದರೂ ಬೀಪ್ ಬರುತ್ತದೆ. ಯಾಕೆಂದರೆ ಮೀಟರ್ ಕಳಿಸುವ ಕರೆಂಟು ಬಹಳ ಕಡಿಮೆ. ಅದೇ ಎಳೆಯಲ್ಲಿ 20 ಆಂಪಿಯರ್ ಓಡಿಸಿ ನೋಡಿ. 0.05 ಓಮ್ ತಡೆ ಇದ್ದರೂ ಸಾಕು, 20 ಆಂಪಿಯರಿಗೆ 1 ವೋಲ್ಟ್ ಅಲ್ಲೇ ಹೋಗುತ್ತದೆ, ಅಲ್ಲೇ ಬಿಸಿಯಾಗುತ್ತದೆ. ಆದ್ದರಿಂದ ಎಲ್ಲ ಆನ್ ಮಾಡಿ ಲೋಡ್ ಇರುವಾಗಲೇ ವೋಲ್ಟ್ ಅಳೆಯಬೇಕು. ಪ್ಲಸ್ ಕಡೆಯೂ ಹಾಗೆಯೇ. ಬ್ಯಾಟರಿ ಪ್ಲಸ್ಸಿಗೆ ಒಂದು ಮುಳ್ಳು, ಸೆಟ್ಟಿನ ಹಳದಿ ವೈರಿಗೆ ಇನ್ನೊಂದು. ಅರ್ಧ ವೋಲ್ಟ್ ದಾಟಿದರೆ ನಡುವೆ ಎಲ್ಲೋ ಫ್ಯೂಸ್ ಕ್ಲಿಪ್ಪೋ ಕಪ್ಲರೋ ಕಿಲುಬು ಹಿಡಿದಿದೆ ಎಂದು ಲೆಕ್ಕ.

ಕಿಲುಬಿನ ಮಾತು ಬಂತು. ಬೆಂಗಳೂರಿನಲ್ಲಿ ಕೂತು ಬರೆಯುವವರಿಗೆ ಇದು ಅಷ್ಟಾಗಿ ತಿಳಿಯುವುದಿಲ್ಲ. ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟುವ ಮಳೆ. ಅದರ ಮೇಲೆ ಕಡಲಿನ ಉಪ್ಪು ಗಾಳಿ. ಮಂಜೇಶ್ವರದಿಂದ ಬೇಕಲದವರೆಗೆ ಕಡಲ ಬದಿಯ ಮನೆಯಲ್ಲಿ ಕಾರು ನಿಲ್ಲಿಸಿದವರಿಗೆ ಗೊತ್ತು, ಒಂದು ಆಟಿ ತಿಂಗಳ ಮಳೆ ಕಳೆದರೆ ಬ್ಯಾಟರಿ ತುದಿಯಲ್ಲಿ ಹಸಿರು ಬಿಳಿ ಹೂವು ಬಂದಿರುತ್ತದೆ. ಟೇಪ್ ಸುತ್ತಿದ ಜಾಯಿಂಟ್ ಇಲ್ಲಿ ಎರಡು ಮಳೆಗಾಲ ಬಾಳುವುದಿಲ್ಲ. ಮೇಷ ಮಾಸದ ಬಿಸಿಲಿಗೆ ಟೇಪಿನ ಅಂಟು ಕರಗುತ್ತದೆ, ಆಟಿಯ ಮಳೆಗೆ ಒಳಗೆ ತೇವ ಸೇರುತ್ತದೆ. ತಾಮ್ರ ಮೊದಲು ಕಪ್ಪಾಗಿ ಆಮೇಲೆ ಹಸಿರಾಗುತ್ತದೆ. ಅಗ್ಗದ ವೈರಿಂಗ್ ಕಿಟ್ಟುಗಳು ಇನ್ನೂ ಕಷ್ಟ. ಅವುಗಳಲ್ಲಿ ತಾಮ್ರದ ಲೇಪ ಇರುವ ಅಲ್ಯೂಮಿನಿಯಂ ಎಳೆ ಇರುತ್ತದೆ. ಅಲ್ಯೂಮಿನಿಯಂ ತಾಮ್ರದ ನೂರಕ್ಕೆ ಸುಮಾರು 60 ಭಾಗದಷ್ಟೇ ಕರೆಂಟು ಒಯ್ಯುತ್ತದೆ, ಉಪ್ಪು ಗಾಳಿಗೆ ತುದಿ ಹಿಟ್ಟಾಗಿ ಉದುರುತ್ತದೆ. ಬ್ಲೇಡಿನಿಂದ ಒಂದು ಎಳೆ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ವಾಪಸ್ ಕೊಡಿ. ತವರ ಲೇಪಿಸಿದ ತಾಮ್ರವೂ ಮೇಲ್ನೋಟಕ್ಕೆ ಬೆಳ್ಳಗೆ ಕಾಣುತ್ತದೆ, ಆದರೆ ಕೆರೆದರೆ ಒಳಗೆ ಕೆಂಪಾಗಿರುತ್ತದೆ. ಅದು ಒಳ್ಳೆಯದು, ಅದನ್ನು ಬಿಡಬೇಡಿ.

ಬ್ಯಾಟರಿ ಖಾಲಿಯಾಗುತ್ತಿದ್ದ ಕಾರಣ ಬೇರೆ. ಸೆಟ್ ಆನ್ ಆದಾಗ ಮಾತ್ರ ಆಂಪ್ಲಿಫೈಯರ್ ಏಳಬೇಕು. ಅದಕ್ಕೆ ಸೆಟ್ಟಿನಿಂದ ನೀಲಿ ಬಿಳಿ ಗೆರೆಯ ವೈರ್ ಬರುತ್ತದೆ. ಅದು ಗಿಡ್ಡ ಆಯಿತು ಅಂತ ಅಂಗಡಿಯ ಹುಡುಗ ಆಂಪ್ಲಿಫೈಯರನ್ನು ಎಬ್ಬಿಸುವ ವೈರನ್ನು ಹತ್ತಿರದಲ್ಲಿದ್ದ ಹಳದಿ ವೈರಿಗೆ ಕೊಟ್ಟಿದ್ದ. ಹಳದಿಯಲ್ಲಿ ಕೀ ತೆಗೆದರೂ ಕರೆಂಟು ಇರುತ್ತದೆ. ಆಂಪ್ಲಿಫೈಯರ್ ರಾತ್ರಿ ಹಗಲು ಎದ್ದೇ ಇತ್ತು. ಬ್ಯಾಟರಿಯ ಮೈನಸ್ ಬಿಚ್ಚಿ, ನಡುವೆ ಮೀಟರನ್ನು 10 ಆಂಪಿಯರ್ ರೇಂಜಿನಲ್ಲಿ ಇಟ್ಟೆ. 0.74 ಆಂಪಿಯರ್ ತೋರಿಸಿತು. ನನ್ನ ಬ್ಯಾಟರಿ 40 ಆಂಪಿಯರ್ ಅವರ್. ಭಾಗಿಸಿದರೆ 54 ಗಂಟೆ. ಮೂರನೇ ಬೆಳಿಗ್ಗೆ ಸೆಲ್ಫ್ ತಿರುಗದೆ ಇದ್ದದ್ದು ಲೆಕ್ಕಕ್ಕೆ ಸರಿಯಾಗಿ ಕೂತಿತು. ನಿಂತ ಕಾರಿನಲ್ಲಿ 0.05 ಆಂಪಿಯರಿನವರೆಗೆ ಸೋರುವುದು ಸಹಜ, ಗಡಿಯಾರ, ಅಲಾರಂ, ಸೆಟ್ಟಿನ ನೆನಪು ಇವುಗಳಿಗೆ ಬೇಕಾಗುತ್ತದೆ. ಅದಕ್ಕಿಂತ ಜಾಸ್ತಿ ಇದ್ದರೆ ಹುಡುಕಬೇಕು. ಹೀಗೆ ನೋಡುವಾಗ ಮೀಟರ್ ನಡುವೆ ಇರುವಷ್ಟು ಹೊತ್ತು ಯಾರೂ ಸೆಲ್ಫ್ ಹೊಡೆಯಬಾರದು, ಮೀಟರಿನ ಫ್ಯೂಸ್ ಹೋಗುತ್ತದೆ. ಕಂಪ್ಯೂಟರ್ ಇರುವ ಕಾರಾದರೆ ಆ ಕಂಪ್ಯೂಟರುಗಳೆಲ್ಲ ಮಲಗುವವರೆಗೆ ಅರ್ಧ ಗಂಟೆ ಕಾಯಬೇಕು. ಫ್ಯೂಸ್ ಕಿತ್ತು ಹಾಕಿ ನೋಡುತ್ತಾ ಹೋದರೆ ಅವು ಮತ್ತೆ ಎದ್ದು ಕೂರುತ್ತವೆ. ಅದರ ಬದಲು ಫ್ಯೂಸಿನ ಬೆನ್ನಿನ ಎರಡು ಚುಕ್ಕೆಗಳ ಮೇಲೆ ಮುಳ್ಳು ಇಟ್ಟು ಮಿಲಿವೋಲ್ಟ್ ನೋಡಿ. ಸೊನ್ನೆ ಇದ್ದರೆ ಆ ದಾರಿಯಲ್ಲಿ ಕರೆಂಟು ಇಲ್ಲ. ಸ್ವಲ್ಪ ಏನಾದರೂ ತೋರಿಸಿದರೆ ಕಳ್ಳ ಅಲ್ಲೇ ಇದ್ದಾನೆ.

ನಾನು ಮಾಡಿದ ರಿಪೇರಿ ದೊಡ್ಡದಲ್ಲ. ಸೆಟ್ಟಿನ ಕಪ್ಪು ವೈರನ್ನೂ ಆಂಪ್ಲಿಫೈಯರಿನ ಕಪ್ಪು ವೈರನ್ನೂ ಚಾಸಿಯ ಒಂದೇ ಬೋಲ್ಟಿಗೆ ತಂದೆ. ಆ ಜಾಗದ ಬಣ್ಣವನ್ನು ಹೊಳೆಯುವವರೆಗೆ ಕೆರೆದೆ. ಹಲ್ಲಿನ ವಾಷರ್ ಹಾಕಿ ಬಿಗಿ ಮಾಡಿ ಮೇಲೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿದೆ. ಆ ಬೋಲ್ಟಿನಿಂದ ಬ್ಯಾಟರಿ ಮೈನಸ್ಸಿಗೆ ಒಂದು ದಪ್ಪ ತಾಮ್ರದ ವೈರ್ ಎಳೆದೆ. ಆಂಪ್ಲಿಫೈಯರಿನ ಪ್ಲಸ್ ವೈರಿಗೆ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಹಾಕಿದೆ. ಅವರು ಫ್ಯೂಸನ್ನು ಆಂಪ್ಲಿಫೈಯರಿನ ಹತ್ತಿರ ಹಾಕಿದ್ದರು! ನಡುವಿನ ವೈರ್ ಎಲ್ಲಾದರೂ ಉಜ್ಜಿ ಚಾಸಿಗೆ ಮುಟ್ಟಿದ್ದರೆ ಕಾರೇ ಉರಿದು ಹೋಗುತ್ತಿತ್ತು, ಫೈಬರಿಗೆ ಬೆಂಕಿ ಹಿಡಿದರೆ ಆರಿಸುವುದು ಸುಲಭವಲ್ಲ. ಇದನ್ನು ನೋಡಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಯಾರದ್ದೋ ಮಕ್ಕಳು ಕೂತು ಹೋಗುವ ಕಾರಿನಲ್ಲೂ ಹೀಗೆಯೇ ಮಾಡಿರುತ್ತಾರೆ ಅಲ್ವಾ?

ಆಂಟೆನಾದ ಬುಡಕ್ಕೂ ಒಂದು ಅರ್ತ್ ಪಟ್ಟಿ ಎಳೆದೆ. ಫೈಬರಿನ ಮೇಲೆ ಕೂತ ಆಂಟೆನಾಕ್ಕೆ ಕೆಳಗೆ ತಗಡು ಇರುವುದಿಲ್ಲ, ಅದಕ್ಕೆ ಎಫ್ಎಂ ಸರಿಯಾಗಿ ಹಿಡಿಯುವುದಿಲ್ಲ. ಸಾಧ್ಯವಾದರೆ ಒಳಗಿನಿಂದ ಒಂದು ತಗಡಿನ ತುಂಡು ಇಟ್ಟು ಅದನ್ನು ಚಾಸಿಗೆ ಸೇರಿಸಬೇಕು. ಈಗ 100.3 ಕುಂಬಳೆ ದಾಟಿ ಮೊಗ್ರಾಲಿನವರೆಗೂ ಸ್ಪಷ್ಟವಾಗಿ ಬರುತ್ತದೆ. ಇನ್ನೊಂದು ವಿಷಯ ಕಂಡೆ. ಮೊಬೈಲ್ ಚಾರ್ಜರ್ ಸಿಕ್ಕಿಸಿದ ಕೂಡಲೇ ರೇಡಿಯೋ ಕೊರಕೊರ ಶುರು. ಅಗ್ಗದ ಚಾರ್ಜರಿನೊಳಗಿನ ಸ್ವಿಚ್ಚಿಂಗ್ ಸರ್ಕ್ಯೂಟ್ ಅಲೆ ಎಬ್ಬಿಸುತ್ತದೆ. ಒಳ್ಳೆಯ ಚಾರ್ಜರ್ ಹಾಕಿದೆ, ನಿಂತಿತು. ಎಷ್ಟೋ ಜನ ಇದಕ್ಕಾಗಿ ಸೆಟ್ಟನ್ನೇ ಬದಲಿಸಿದ್ದಾರೆ.

ಈಗ ನಿಮ್ಮ ಬರಹದಲ್ಲಿದ್ದ ವ್ಯಾಟಿನ ಬಗ್ಗೆ. ಸೆಟ್ಟಿನ ಡಬ್ಬಿಯ ಮೇಲೆ 50 ವ್ಯಾಟ್ ಗುಣಿಸು 4 ಎಂದು ಬರೆದಿರುತ್ತಾರೆ. 14.4 ವೋಲ್ಟಿನಲ್ಲಿ 4 ಓಮ್ ಸ್ಪೀಕರಿಗೆ ಒಳಗಿನ ಐಸಿ ಚಿಪ್ ಶುದ್ಧವಾಗಿ ಕೊಡಬಹುದಾದದ್ದು ಒಂದು ಚಾನೆಲ್ಲಿಗೆ 20 ವ್ಯಾಟ್ ಚಿಲ್ಲರೆ. ಲೆಕ್ಕ ಅದಕ್ಕಿಂತ ಮೇಲೆ ಹೋಗಲು ಬಿಡುವುದಿಲ್ಲ. ಎರಡು ಸೀಟಿನ ಕಾರಿಗೆ ಅದು ಧಾರಾಳ. ಹುಡ್, ಅಂದರೆ ಮೇಲಿನ ಮಡಚುವ ಚಾವಣಿ, ತೆರೆದು ಓಡಿಸುವವರಿಗೆ ಮಾತ್ರ ಗಾಳಿಯ ಸದ್ದಿಗೆ ಸಣ್ಣ ಆಂಪ್ಲಿಫೈಯರ್ ಬೇಕಾಗಬಹುದು. ಹಾಕುವ ಮೊದಲು ಡೈನಮೋದ ಶಕ್ತಿ ನೋಡಿ. ಹಳೆ ಸಣ್ಣ ಕಾರುಗಳಲ್ಲಿ 55, 65 ಆಂಪಿಯರ್ ಡೈನಮೋ ಇರುವುದು ಸಾಮಾನ್ಯ, ಅದೂ ಎಂಜಿನ್ ಜೋರಾಗಿ ತಿರುಗುವಾಗ. ಹೆಡ್‌ಲೈಟಿನ ಎರಡು 55 ವ್ಯಾಟ್ ಬಲ್ಬಿಗೆ 8, 9 ಆಂಪಿಯರ್, ರೇಡಿಯೇಟರ್ ಫ್ಯಾನಿಗೆ 10ಕ್ಕಿಂತ ಜಾಸ್ತಿ, ವೈಪರಿಗೆ ನಾಲ್ಕೈದು. ಮಳೆಗಾಲದ ರಾತ್ರಿ ಗೇಟು ಬಿದ್ದು ರೈಲಿಗೆ ಕಾಯುತ್ತಾ ಐಡಲಿನಲ್ಲಿ ನಿಂತಾಗ ಇವೆಲ್ಲ ಒಟ್ಟಿಗೆ ಓಡುತ್ತವೆ. ಅದರ ಮೇಲೆ ಹಳೆ ನಮೂನೆಯ 200 ವ್ಯಾಟ್ ಆಂಪ್ಲಿಫೈಯರ್ ಜೋರಾಗಿ ಹಾಡಿದರೆ ಇನ್ನೊಂದು 25, 30 ಆಂಪಿಯರ್ ಕೇಳುತ್ತದೆ. ಕ್ಲಾಸ್ ಡಿ ಆಂಪ್ಲಿಫೈಯರ್ ತೆಗೆದುಕೊಂಡರೆ ಅದೇ ಶಬ್ದಕ್ಕೆ ಕರೆಂಟು ಬಹಳ ಕಡಿಮೆ ಸಾಕು, ಬಿಸಿಯೂ ಕಡಿಮೆ.

ಪೈವಳಿಕೆ ಕಡೆಯ ಒಬ್ಬ ಹುಡುಗ ಹಳೆ ಕಾರಿಗೆ ತಾನೇ ಸೆಟ್ ಕೂಡಿಸಿ ಎರಡು ಸಲ ಸುಟ್ಟುಕೊಂಡ. ಅವನ ಕಾರಿನಲ್ಲಿ ಹಿಂದಿನ ಕಾಲದ ಪದ್ಧತಿ, ಸ್ಪೀಕರುಗಳ ಮೈನಸ್ ಎಲ್ಲ ಸೇರಿಸಿ ಕಾರಿನ ಬಾಡಿಗೆ ಜೋಡಿಸಿದ್ದರು. ಈಗಿನ ಸೆಟ್ಟುಗಳಲ್ಲಿ ಸ್ಪೀಕರಿನ ಎರಡೂ ವೈರಿನಲ್ಲಿ ವೋಲ್ಟ್ ಇರುತ್ತದೆ, ಒಂದನ್ನೂ ಬಾಡಿಗೆ ಮುಟ್ಟಿಸುವ ಹಾಗಿಲ್ಲ. ಮುಟ್ಟಿದರೆ ಐಸಿ ಸುಡುತ್ತದೆ. ಪ್ರತಿ ಸ್ಪೀಕರಿಗೂ ಎರಡು ವೈರ್ ಬೇರೆ ಬೇರೆ ಎಳೆಯಬೇಕು. ಬಿಳಿ ಮುಂದಿನ ಎಡ, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ, ಕಪ್ಪು ಗೆರೆ ಇದ್ದದ್ದು ಮೈನಸ್. ಇದು ಹೆಚ್ಚಿನ ಎಲ್ಲ ಸೆಟ್ಟುಗಳಿಗೂ ಒಂದೇ. ಆದರೆ ಕಾರಿನ ಕಡೆಯ ಬಣ್ಣವನ್ನು ನಂಬಬೇಡಿ. 1.5 ವೋಲ್ಟಿನ ಪೆನ್ಸಿಲ್ ಸೆಲ್ಲನ್ನು ಒಂದು ಕ್ಷಣ ಸ್ಪೀಕರ್ ವೈರಿಗೆ ಮುಟ್ಟಿಸಿ. ಕೋನ್ ಹೊರಗೆ ಬಂದರೆ ಸೆಲ್ಲಿನ ಪ್ಲಸ್ ಮುಟ್ಟಿದ ವೈರೇ ಪ್ಲಸ್. ಒಂದು ಬದಿಯ ಸ್ಪೀಕರ್ ಉಲ್ಟಾ ಆದರೆ ಮದ್ದಳೆಯ ಗುಂ ಎಂಬ ದಪ್ಪ ಸ್ವರ ಮಾಯವಾಗಿ ಚೆಂಡೆಯ ಪೆಟ್ಟು ಮಾತ್ರ ಕೇಳುತ್ತದೆ. ನಾನು ಸೌಂಡ್ ನೋಡುವುದೇ ಯಕ್ಷಗಾನದ ರೆಕಾರ್ಡಿಂಗ್ ಹಾಕಿ. ಚೆಂಡೆ, ಮದ್ದಳೆ, ಜಾಗಟೆ, ಭಾಗವತರ ಸ್ವರ ನಾಲ್ಕೂ ಬೇರೆ ಬೇರೆ ಜಾಗದಲ್ಲಿ ಕೂತರೆ ಕೆಲಸ ಸರಿಯಾಗಿದೆ ಎಂದು ಅರ್ಥ.

ಹೊಸ ಸೆಟ್ ಹಾಕಿದ ಮೇಲೆ ಪ್ರತಿ ಸಲ ಕೀ ತೆಗೆದಾಗ ಸ್ಟೇಷನ್ ಮರೆತು ಹೋಗುತ್ತದೆ ಎಂಬ ದೂರು ತುಂಬ ಕೇಳುತ್ತೇನೆ. ಕೆಲವು ಕಾರುಗಳ ಕಪ್ಲರಿನಲ್ಲಿ ಹಳದಿಯ ಜಾಗ ಮತ್ತು ಕೀ ಹಾಕಿದಾಗ ಮಾತ್ರ ಕರೆಂಟು ಬರುವ ಕೆಂಪಿನ ಜಾಗ ಅದಲು ಬದಲಾಗಿರುತ್ತದೆ. ಅಡಾಪ್ಟರ್ ವೈರಿನಲ್ಲಿ ಆ ಎರಡನ್ನು ತಿರುಗಿಸಿದರೆ ಮುಗಿಯಿತು. ಕಪ್ಲರ್ ಕತ್ತರಿಸಬೇಕಾಗಿಲ್ಲ. ಅಡಾಪ್ಟರ್ ಒಂದಕ್ಕೆ ಕೆಲವು ನೂರು ರೂಪಾಯಿ, ಕತ್ತರಿಸಿದ ಹಳೆ ಕಪ್ಲರ್ ಮತ್ತೆ ಎಲ್ಲಿಯೂ ಸಿಗುವುದಿಲ್ಲ.

ಬಾಗಿಲಿನ ಸ್ಪೀಕರ್ ಬದಲಿಸುವಾಗ ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಹರಿದು ಹಾಗೇ ಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗಾಜಿನ ಸಂದಿಯಿಂದ ಇಳಿದ ನೀರು ಆ ಹಾಳೆಯ ಹಿಂದೆಯೇ ಇಳಿದು ಬಾಗಿಲಿನ ಕೆಳಗಿನ ತೂತಿನಿಂದ ಹೊರಗೆ ಹೋಗಬೇಕು. ಹಾಳೆ ಹರಿದರೆ ಸ್ಪೀಕರ್, ಮ್ಯಾಟ್, ಮ್ಯಾಟಿನ ಕೆಳಗಿನ ವೈರ್ ಎಲ್ಲ ಒದ್ದೆ. ನಮ್ಮ ಮಳೆಗೆ ಕಾಗದದ ಕೋನ್ ಬೂಸ್ಟು ಹಿಡಿಯುತ್ತದೆ, ಪ್ಲಾಸ್ಟಿಕ್ ಕೋನ್ ಇರುವುದನ್ನೇ ತೆಗೆದುಕೊಳ್ಳಿ. ಹುಡ್ ತೆರೆಯುವ ಕಾರುಗಳಿಗೆ ಇನ್ನೊಂದು ಕಾಟ, ಮಳೆನೀರು ಹೋಗುವ ಕೊಳವೆ ಕಟ್ಟಿಕೊಳ್ಳುವುದು. 1996ರಿಂದ 2004ರವರೆಗೆ ಬಂದ ಮೊದಲ ತಲೆಮಾರಿನ ಪೋರ್ಷೆ ಬಾಕ್ಸ್‌ಸ್ಟರ್ ಇಟ್ಟುಕೊಂಡವರಿಗೆ ಇದು ಚೆನ್ನಾಗಿ ಗೊತ್ತು. ಅದರಲ್ಲಿ ಅಲಾರಂ ಮತ್ತು ಕಳ್ಳರು ಸ್ಟಾರ್ಟ್ ಮಾಡದಂತೆ ತಡೆಯುವ ಇಮ್ಮೊಬಿಲೈಸರಿನ ಪೆಟ್ಟಿಗೆ ಸೀಟಿನ ಕೆಳಗೆ ನೆಲದಲ್ಲಿದೆ. ಕೊಳವೆಯಲ್ಲಿ ಎಲೆ ತುಂಬಿ ನೀರು ಒಳಗೆ ಬಂದರೆ ಮೊದಲು ಮುಳುಗುವುದು ಅದೇ. ಕಾರು ಸ್ಟಾರ್ಟೇ ಆಗುವುದಿಲ್ಲ. 1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5ರಲ್ಲೂ ಸೀಟಿನ ಹಿಂದಿನ ಕೊಳವೆಗಳನ್ನು ಹೀಗೆಯೇ ನೋಡಿಕೊಳ್ಳಬೇಕು. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ನೀವು ಕೊಳವೆಗೆ ನೀರು ಬಿಟ್ಟು ನೋಡಿ, ಕೆಳಗೆ ಬರುತ್ತದಾ ಅಂತ. ಮರದ ಕೆಳಗೆ ನಿಲ್ಲಿಸುವವರು ಎರಡು ಸಲ ನೋಡಿ.

ತೀರಾ ಹಳೆ ಇಂಗ್ಲಿಷ್ ಕಾರು ಇರುವವರಿಗೆ ಒಂದು ಎಚ್ಚರಿಕೆ. ಎಂಜಿಬಿಯಂಥ ಕಾರುಗಳಲ್ಲಿ 1967ರವರೆಗೆ ಬ್ಯಾಟರಿಯ ಪ್ಲಸ್ಸನ್ನೇ ಕಾರಿನ ಬಾಡಿಗೆ ಜೋಡಿಸುತ್ತಿದ್ದರು. ಅದಕ್ಕೆ ಈಗಿನ ಸೆಟ್ ಕೂಡಿಸಿದರೆ ಆ ಕ್ಷಣಕ್ಕೆ ಸುಡುತ್ತದೆ. ಏರ್‌ಬ್ಯಾಗ್ ಇರುವ ಕಾರಾದರೆ ಹಳದಿ ಕಪ್ಲರಿಗೆ ಮೀಟರ್ ಮುಳ್ಳನ್ನೂ ತಾಗಿಸಬೇಡಿ, ಟೆಸ್ಟ್ ಲ್ಯಾಂಪನ್ನಂತೂ ಹತ್ತಿರ ತರಲೇಬೇಡಿ. ಬ್ಯಾಟರಿ ಬಿಚ್ಚುವ ಮೊದಲು ಕಂಪನಿಯ ರೇಡಿಯೋದ ಕೋಡ್ ಕೈಯಲ್ಲಿದೆಯಾ ನೋಡಿ. ಇಲ್ಲದಿದ್ದರೆ ವಾಪಸ್ ಬ್ಯಾಟರಿ ಕೊಟ್ಟಾಗ ಅದು ಕೋಡ್ ಕೇಳಿ ಸುಮ್ಮನಾಗುತ್ತದೆ.

ಕೊನೆಗೆ ನಾನು ಆ ಟಚ್ ಸ್ಕ್ರೀನನ್ನು ತೆಗೆದು, ಕಾರಿನ ಜೊತೆಗೆ ಬಂದಿದ್ದ ಹಳೆ ಕ್ಯಾಸೆಟ್ ಸೆಟ್ಟನ್ನೇ ವಾಪಸ್ ಹಾಕಿದೆ. ಅದಕ್ಕೆ ಕಾರಣ ಇದೆ. ನನ್ನ ಅಪ್ಪ ಊರಿನ ತಾಳಮದ್ದಳೆಗಳನ್ನು ಟೇಪ್ ರೆಕಾರ್ಡರ್ ಹಿಡಿದುಕೊಂಡು ಹೋಗಿ ರೆಕಾರ್ಡ್ ಮಾಡುತ್ತಿದ್ದರು. 42 ಕ್ಯಾಸೆಟ್ ಉಳಿದಿವೆ. ಅರ್ಥ ಹೇಳಿದವರು ಹೆಚ್ಚಿನವರು ಈಗ ಇಲ್ಲ, ಅಪ್ಪನೂ ಇಲ್ಲ. ನಡುನಡುವೆ ಅಪ್ಪ ಕೆಮ್ಮಿದ್ದು ಕೇಳುತ್ತದೆ. ಸೆಟ್ಟಿನ ರಬ್ಬರ್ ಬೆಲ್ಟ್ ಸಡಿಲವಾಗಿ ಸ್ವರ ಎಳೆಯುತ್ತಿತ್ತು. ಬೆಲ್ಟ್ ಬದಲಿಸಿದೆ. ಹೆಡ್ಡನ್ನೂ ರಬ್ಬರ್ ರೋಲರನ್ನೂ ಐಸೊಪ್ರೊಪೈಲ್ ಆಲ್ಕೊಹಾಲ್ ಮುಟ್ಟಿಸಿದ ಹತ್ತಿಕಡ್ಡಿಯಿಂದ ಒರೆಸಿದೆ. ಬೋರ್ಡಿನಲ್ಲಿ ಎರಡು ಕೆಪಾಸಿಟರ್ ಉಬ್ಬಿದ್ದವು, ಬಿಚ್ಚಿ ಹೊಸದು ಬೆಸುಗೆ ಹಾಕಿದೆ. 25 ವರ್ಷದಲ್ಲಿ ಒಳಗಿನ ದ್ರವ ಒಣಗುವುದು ಅಥವಾ ಸೋರುವುದು ಸಹಜ, ಹಳೆ ಕಾರಿನ ಮೀಟರ್ ಬೋರ್ಡ್, ಎಂಜಿನ್ ಕಂಪ್ಯೂಟರ್ ಎಲ್ಲದರಲ್ಲೂ ಇದನ್ನು ನೋಡಬೇಕು. ಫೋನಿನ ಹಾಡಿಗಾಗಿ ಹಿಂದುಗಡೆ ಒಂದು ಸಣ್ಣ ಬ್ಲೂಟೂತ್ ಬೋರ್ಡ್ ಕೂಡಿಸಿದ್ದೇನೆ, ಎರಡರ ಅರ್ತ್ ನೇರ ಸೇರದಂತೆ ನಡುವೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಟ್ಟು. ಡ್ಯಾಶ್‌ಬೋರ್ಡಿನಲ್ಲಿ ಏನೂ ಬದಲಾದಂತೆ ಕಾಣುವುದಿಲ್ಲ. ಮಧೂರಿಗೆ ಹೋಗುವಾಗ ಅಮ್ಮನನ್ನು ಪಕ್ಕದಲ್ಲಿ ಕೂರಿಸಿ ಆ ಕ್ಯಾಸೆಟ್ ಹಾಕಿದೆ. ಅಮ್ಮ ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ.

ಸಂಪಾದಕರೇ, ನನ್ನ ಹತ್ತಿರ ಕೆಲಸ ನೋಡಲು ಬರುವ ಹುಡುಗರು ಇದನ್ನೆಲ್ಲ ಮಲಯಾಳ ಮತ್ತು ಇಂಗ್ಲಿಷ್ ವಿಡಿಯೋ ನೋಡಿ ಕಲಿತವರು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಓದಿದವರು. ಮೊನ್ನೆ ಒಬ್ಬ ಕೇಳಿದ, 'ಮಾವ, ಇದಕ್ಕೆ ಕನ್ನಡದಲ್ಲಿ ಪುಸ್ತಕ ಉಂಟಾ?' ನನ್ನ ಕೈಯಲ್ಲಿ ಕೊಡಲು ಒಂದೂ ಇರಲಿಲ್ಲ. ನಿಮ್ಮ ವಾಹನ ಪುಟದಲ್ಲಿ ಹೊಸ ಕಾರಿನ ಬೆಲೆ ಹಾಕುವ ಜಾಗದಲ್ಲಿ ಕಾಲು ಪುಟವನ್ನು ರಿಪೇರಿಗೆ ಬಿಡಿ. ವಾರಕ್ಕೆ ಒಂದು ತೊಂದರೆ, ಅದನ್ನು ಹುಡುಕಿದ ದಾರಿ, ಬಂದ ಅಳತೆ, ಅಷ್ಟು ಸಾಕು. ಬರೆಯಲು ನಾನು ತಯಾರಿದ್ದೇನೆ, ಹಣ ಬೇಡ. ನನಗಿಂತ ಚೆನ್ನಾಗಿ ಗೊತ್ತಿರುವ ಆಟೋ ಎಲೆಕ್ಟ್ರಿಷಿಯನ್‌ಗಳು ಕುಂಬಳೆಯಲ್ಲೂ ಬದಿಯಡ್ಕದಲ್ಲೂ ಇದ್ದಾರೆ. ಅವರು ಬರೆಯಲು ಹಿಂಜರಿಯುತ್ತಾರೆ, ಹೇಳಲು ಹಿಂಜರಿಯುವುದಿಲ್ಲ. ಕೇಳಿ ಬರೆದುಕೊಳ್ಳುವ ಕೆಲಸ ನಾನು ಮಾಡುತ್ತೇನೆ.

ಓದುಗರಲ್ಲಿ ಒಂದು ಕೋರಿಕೆಯೂ ಇದೆ. ಸ್ಯಾನ್ ಸ್ಟಾರ್ಮಿನ ವೈರಿಂಗ್ ನಕ್ಷೆ ಯಾರ ಹತ್ತಿರವಾದರೂ ಇದ್ದರೆ, ಹರಿದದ್ದಾದರೂ ಅಡ್ಡಿಯಿಲ್ಲ, ಪತ್ರಿಕೆಯ ಕಚೇರಿಗೆ ತಿಳಿಸಿ. ಜೆರಾಕ್ಸ್ ಮಾಡಿಸಿಕೊಂಡು ನಾನೇ ಮನೆಗೆ ತಂದು ವಾಪಸ್ ಕೊಡುತ್ತೇನೆ. ಅಂಗಡಿಯವರು ಕತ್ತರಿಸಿದ 11 ವೈರುಗಳಲ್ಲಿ 9 ಎಲ್ಲಿಗೆ ಹೋಗುತ್ತವೆ ಎಂದು ಕಂಡುಹಿಡಿದಿದ್ದೇನೆ. ಇನ್ನು 2 ಉಳಿದಿವೆ, ಒಂದು ಕಂದು, ಒಂದು ಹಸಿರು ಹಳದಿ ಗೆರೆಯದ್ದು.

ನಿಮ್ಮ ಓದುಗ,
ಉಪ್ಪಳ, ಕಾಸರಗೋಡು ಜಿಲ್ಲೆ